ನನ್ನ ಪಾಲಿಸಿ ಅನಾಥವಾದದ್ದು

ಮೊನ್ನೆ ಸೋಮವಾರ ಬೆಳಿಗ್ಗೆ ಆರ್.ವಿ. ರೋಡಿನಲ್ಲಿ ಹಳದಿ ಮಾರ್ಗದ ಮೆಟ್ರೋ ಹತ್ತಿದೆ. ಹತ್ತಿದೆ ಅನ್ನೋದು ಸುಮ್ನೆ ಮಾತಿಗೆ. ಹಿಂದಿನವರು ತಳ್ಳಿದರು, ನಾನು ಒಳಗಿದ್ದೆ. ಒಂದು ಕೈ ಮೇಲಿನ ಹಿಡಿಯಲ್ಲಿ, ಇನ್ನೊಂದರಲ್ಲಿ ಊಟದ ಡಬ್ಬಿ, ಮೂಗಿಗೂ ಮುಂದಿನವನ ಬ್ಯಾಗಿನ ಜಿಪ್ಪಿಗೂ ಒಂದಿಂಚು ಅಂತರ. ಫೋನ್ ಬರೋದು ಇಂಥ ಹೊತ್ತಲ್ಲೇ ಅಲ್ವಾ? ಬಂತು. ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿ ಹೇಗೋ ಎತ್ತಿದೆ.

“ನಮಸ್ಕಾರ ಮಾನ್ಯರೇ,” ಅಂದಿತು ಒಂದು ಎಳೆ ದನಿ. ಎದುರಿಗಿಟ್ಟುಕೊಂಡು ಓದುತ್ತಿರುವುದು ಗೊತ್ತಾಗುತ್ತಿತ್ತು. “ತಮ್ಮ ಪಾಲಿಸಿಯು ಅನಾಥವಾಗಿರುತ್ತದೆ ಎಂದು ತಿಳಿಸಲು ವಿಷಾದಿಸುತ್ತೇವೆ.”

“ಏನಾಗಿದೆ?”

“ಅನಾಥವಾಗಿರುತ್ತದೆ ಮಾನ್ಯರೇ.”

“ಅನಾಥಾನಾ? ಯಾರ್ರೀ ಅನಾಥ?”

ಗದ್ದಲದಲ್ಲಿ ಸ್ವಲ್ಪ ಜೋರಾಗಿಯೇ ಕೇಳಿದೆ ಅಂತ ಕಾಣುತ್ತೆ. ಹತ್ತು ತಲೆ ತಿರುಗಿದವು. ಸೀಟಿನಲ್ಲಿ ಕೂತಿದ್ದ ಒಬ್ಬ ಹುಡುಗಿ ನನ್ನ ನರೆತ ಕೂದಲನ್ನೂ ಕಂಕುಳಿನ ಡಬ್ಬಿಯನ್ನೂ ಒಮ್ಮೆ ನೋಡಿ, ಮಾತಿಲ್ಲದೆ ಎದ್ದು ಜಾಗ ಬಿಟ್ಟಳು. 2025ರ ಆಗಸ್ಟಿನಲ್ಲಿ ಈ ಮಾರ್ಗ ಶುರುವಾದಾಗಿನಿಂದ ಬೆಳಗಿನ ಹೊತ್ತು ನನಗೆ ಸೀಟು ಸಿಕ್ಕಿದ್ದು ಅದೊಂದೇ ಸಲ. ಕೂತೆ. ಐವತ್ತೆರಡನೇ ವಯಸ್ಸಿನಲ್ಲಿ ಅನಾಥನಾಗೋದರಿಂದ ಇಷ್ಟಾದರೂ ಲಾಭ ಇರಲಿ.

ಆ ಹುಡುಗನ ತಪ್ಪೇನಿಲ್ಲ. ವಿಮೆಯವರ ಭಾಷೆಯಲ್ಲಿ ನಿಜವಾಗಿಯೂ ‘ಆರ್ಫನ್ ಪಾಲಿಸಿ’ ಅಂತ ಒಂದಿದೆ. ಪಾಲಿಸಿ ಮಾಡಿಸಿದ ಏಜೆಂಟ್ ಕೆಲಸ ಬಿಟ್ಟರೆ ಅಥವಾ ತೀರಿಕೊಂಡರೆ ಅದಕ್ಕೆ ಕೇಳುವವರಿಲ್ಲ ಅಂತ ಲೆಕ್ಕ. ಆಮೇಲೆ ಅದನ್ನು ಇನ್ನೊಬ್ಬ ಏಜೆಂಟಿಗೆ ಒಪ್ಪಿಸುತ್ತಾರೆ. ಆ ಮಾತನ್ನು ಯಾವುದೋ ಕಂಪ್ಯೂಟರ್ ಕನ್ನಡ ಮಾಡಿ ಈ ಹುಡುಗನ ಬಾಯಿಗೆ ತುರುಕಿದೆ. “ತಮ್ಮ ಏಜೆಂಟರ ಮರಣದ ಕಾರಣ ತಮಗೆ ಹೊಸ ಪೋಷಕರನ್ನು ನೇಮಿಸಲಾಗುವುದು,” ಅಂದ.

ಎಲೆಕ್ಟ್ರಾನಿಕ್ ಸಿಟಿ ಬಂದರೂ ನನ್ನ ಸಿಟ್ಟು ಇಳಿಯಲಿಲ್ಲ. ‘ತಮ್ಮ ಏಜೆಂಟರು’ ಅಂತೆ. ಅವರು ಏಜೆಂಟ್ ಆಗಿದ್ದು ಆಮೇಲೆ. ಅದಕ್ಕೆ ಮೊದಲು ಅವರು ನಮ್ಮ ಖೋ ಖೋ ಕೋಚ್.

ಹನುಮಂತನಗರದ ಕಡೆಯ ಒಂದು ಶಾಲೆ. ಸರ್ಕಾರದ ಅನುದಾನ ಇಲ್ಲದ್ದು. ನಾನು ಎಂಟನೇ ಕ್ಲಾಸಿಗೆ ಸೇರಿದ್ದು 1986ರಲ್ಲಿ. ಸರ್ ಅಲ್ಲಿ ಡ್ರಿಲ್ ಮಾಸ್ಟರು. ಶೂ ಲೇಸಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡ ಸೀಟಿ, ಮೊಣಕಾಲಿನ ತನಕ ಬರುವ ಖಾಕಿ ಚಡ್ಡಿ, ಎರಡು ಬೀದಿ ಆಚೆಗೂ ಕೇಳುವ ಗಂಟಲು. ಸಂಜೆ ಶಾಲೆ ಬಿಟ್ಟ ಮೇಲೆ ದುಡ್ಡು ತೆಗೆದುಕೊಳ್ಳದೆ ನಮ್ಮನ್ನು ಓಡಿಸುತ್ತಿದ್ದರು. ಕ್ರಿಕೆಟ್ಟಿಗೆ ಬ್ಯಾಟು ಬೇಕು, ಪ್ಯಾಡು ಬೇಕು, ಹೆಲ್ಮೆಟ್ಟು ಬೇಕು. “ಖೋ ಖೋಗೆ ಎರಡು ಕಂಬ ಸಾಕು ಕಣ್ರೋ. ಮಿಕ್ಕಿದ್ದನ್ನ ದೇವರೇ ಕಾಲು ಅಂತ ಕೊಟ್ಟಿದಾನೆ,” ಅನ್ನುತ್ತಿದ್ದರು.

2003ರ ಹೊತ್ತಿಗೆ ಆ ಮೈದಾನದಲ್ಲಿ ಕಂಪ್ಯೂಟರ್ ಬ್ಲಾಕ್ ಎದ್ದು ನಿಂತಿತು. ಮೈದಾನವೇ ಇಲ್ಲದ ಮೇಲೆ ಡ್ರಿಲ್ ಮಾಸ್ಟರ್ ಯಾಕೆ? ಒಂದು ಶಾಲು, ಒಂದು ಗಂಧದ ಹಾರ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಪಿಂಚಣಿ ಇಲ್ಲ. ಮಗಳ ಮದುವೆ ಬಾಕಿ. ಖಾಸಗಿ ವಿಮಾ ಕಂಪನಿಗಳು 2000ದಿಂದ ಈಚೆಗೆ ಬಂದು, ಬೀದಿಗೆ ನಾಲ್ಕರಂತೆ ಏಜೆಂಟರನ್ನು ಸೇರಿಸಿಕೊಳ್ಳುತ್ತಿದ್ದ ಕಾಲ ಅದು. ಏಜೆಂಟ್ ಆಗೋಕೆ ಆಗ 100 ಗಂಟೆ ತರಬೇತಿ ಇತ್ತು, ಆಮೇಲೆ ಪರೀಕ್ಷೆ. ಐವತ್ತು ದಾಟಿದವರು ಹೆದರುತ್ತಾರೆ. ಸರ್ ಮಾತ್ರ ನೂರು ಗಂಟೆ ಅಂದ ತಕ್ಷಣ ಖುಷಿಯಾದರಂತೆ. ಗಂಟೆಗಟ್ಟಲೆ ಪ್ರಾಕ್ಟೀಸು ಅಂದರೆ ಅವರಿಗೆ ಅರ್ಥವಾಗುತ್ತಿತ್ತು.

ಇನ್ನು ಗಿರಾಕಿಗಳು ಯಾರು? ನಾವೇ. ಹದಿನೇಳು ವರ್ಷದಲ್ಲಿ ಅವರು ಓಡಿಸಿದ ಹುಡುಗರೆಲ್ಲ ಈಗ ಸಂಬಳ ತರುತ್ತಿದ್ದರು. ನಾವು ಎಷ್ಟು ಹೊತ್ತು ತಪ್ಪಿಸಿಕೊಂಡು ಓಡಬಲ್ಲೆವು ಅನ್ನೋದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಐದು ವರ್ಷ ಓಡಿದೆ. 2008ರಲ್ಲಿ ಔಟ್ ಆದೆ.

ಖೋ ಖೋ ಆಡಿದವರಿಗೆ ಗೊತ್ತಿರುತ್ತೆ. ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬರ ಮುಖ ಈ ಕಡೆ, ಪಕ್ಕದವರದ್ದು ಆ ಕಡೆ. ಒಂಬತ್ತನೆಯವನು ಅಟ್ಟಿಸಿಕೊಂಡು ಬಂದು, ಕೂತವನ ಬೆನ್ನು ಮುಟ್ಟಿ “ಖೋ” ಅನ್ನಬೇಕು. ಮುಟ್ಟದೆ ಹೇಳಿದರೆ ಫೌಲು. ಹೇಳದೆ ಮುಟ್ಟಿದರೂ ಫೌಲು. ಖೋ ಸಿಕ್ಕಿದವನು ತಕ್ಷಣ ಎದ್ದು, ಮುಖ ಇದ್ದ ಕಡೆಗೇ ನುಗ್ಗಬೇಕು. ಹಿಂದಕ್ಕೆ ತಿರುಗುವ ಹಾಗಿಲ್ಲ.

ಸರ್ ವಿಮೆಯ ಕಂತನ್ನು ನೆನಪಿಸುತ್ತಿದ್ದುದು ಹೀಗೆಯೇ. ಫೋನ್ ಮಾಡುತ್ತಿರಲಿಲ್ಲ. ಫೋನ್ ಅಂದರೆ ಮುಟ್ಟದೆ ಹೇಳಿದ ಹಾಗೆ, ಫೌಲು. ನೀವು ಎಲ್ಲಾದರೂ ಮೈಮರೆತು ಕೂತಿರಬೇಕು. ಹಿಂದಿನಿಂದ ಬೆಕ್ಕಿನ ಹಾಗೆ ಬರುತ್ತಿದ್ದರು. ಬೆನ್ನಿಗೆ ಪಟ್ ಅಂತ ಏಟು. ಕಿವಿಯ ಹತ್ತಿರ “ಖೋ!” ಅಷ್ಟೇ. ಈ ತಿಂಗಳು ನಿಮ್ಮ ಕಂತಿದೆ ಅಂತ ಅರ್ಥ. ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದಾಗ ಒಮ್ಮೆ ಕೊಟ್ಟರು. ಎಡ ಮೀಸೆ ಹೋಯಿತು. ಕಡಲೆಕಾಯಿ ಪರಿಷೆಯ ಜಂಗುಳಿಯಲ್ಲಿ ಕೊಟ್ಟರು, ಅರ್ಧ ಸೇರು ಕಡಲೆಕಾಯಿ ಬುಲ್ ಟೆಂಪಲ್ ರೋಡಿಗೆ ನೈವೇದ್ಯವಾಯಿತು. ಗ್ರೇಸ್ ಪೀರಿಯಡ್ ಇದೆಯಲ್ಲ ಸರ್, ವರ್ಷಕ್ಕೊಮ್ಮೆ ಕಟ್ಟುವವರಿಗೆ 30 ದಿನ ಟೈಮ್ ಕೊಡ್ತಾರಲ್ಲ ಅಂದರೆ ಮುಖ ಸಿಂಡರಿಸುತ್ತಿದ್ದರು. “ಖೋ ಕೊಟ್ಟ ಮೇಲೆ ಮೂವತ್ತು ದಿನ ಕೂತಿರ್ತೀಯೇನೋ?”

ಇಷ್ಟಾದರೂ ಸಹಿಸಬಹುದಿತ್ತು. ಆದರೆ ಉಪ್ಪಿಟ್ಟುವಿನ ಕಥೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಉಪ್ಪಿಟ್ಟು ನಮ್ಮ ತಂಡದವನು. ಮ್ಯಾಚಿಗೆ ಮೊದಲು ಎರಡು ಪ್ಲೇಟ್ ಉಪ್ಪಿಟ್ಟು ತಿಂದು ಬಂದು ಕಂಬದ ಹತ್ತಿರ ಕಕ್ಕಿದ್ದರಿಂದ ಆ ಹೆಸರು ಬಂತು. ಈಗ ಒಂದು ಬ್ಯಾಂಕಿನಲ್ಲಿ ದೊಡ್ಡ ಸಾಹೇಬ, ನಾವು ಮಾತ್ರ ಹೆಸರು ಬದಲಾಯಿಸಿಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ ನಮ್ಮಲ್ಲೊಬ್ಬನ ತಂಗಿಯ ಮದುವೆ, ಬನಶಂಕರಿ ಕಡೆ ಒಂದು ಛತ್ರದಲ್ಲಿ. ಎರಡನೇ ಪಂಕ್ತಿಗೆ ನಾವು ಆರು ಜನ ಒಂದೇ ಸಾಲಿನಲ್ಲಿ ಕೂತೆವು. ಮಡಚುವ ಟೇಬಲ್ಲು, ಅದರ ಮೇಲೆ ಪೇಪರ್ ರೋಲು, ಅದರ ಮೇಲೆ ಎಲೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಎರಡು ಪಲ್ಯ, ಚಿತ್ರಾನ್ನ, ಒಬ್ಬಟ್ಟು, ಒಬ್ಬಟ್ಟಿನ ಮೇಲೆ ತುಪ್ಪ, ಎಲ್ಲ ಬಂದಿತ್ತು. ಅನ್ನ ಬಿದ್ದಿತ್ತು. ಬಡಿಸುವವರು “ಸಾರು, ಸಾರು, ಸಾರು” ಅಂತ ಬಕೆಟ್ ಹಿಡಿದುಕೊಂಡು ನಮ್ಮ ಎದುರಿನ ಓಣಿಗೆ ಬಂದರು. ಉಪ್ಪಿಟ್ಟು ಅನ್ನದ ಮಧ್ಯೆ ಗುಂಡಿ ತೋಡಿ, ತಲೆ ಬಗ್ಗಿಸಿ, ಭಕ್ತಿಯಿಂದ ಕಾಯುತ್ತಿದ್ದ. ಆ ತಿಂಗಳು ಅವನ ಕಂತು ಬಾಕಿ ಇತ್ತು.

ಬೆನ್ನಿಗೆ ಪಟ್. “ಖೋ!”

ನಾನು ಈಗಲೂ ಕಣ್ಣು ಮುಚ್ಚಿದರೆ ಅದು ನಿಧಾನವಾಗಿ ನಡೆಯುತ್ತೆ. ಇಪ್ಪತ್ತೈದು ವರ್ಷವಾಗಿತ್ತು ಅವನು ಖೋ ಖೋ ಬಿಟ್ಟು. ಹೊಟ್ಟೆ ಬಂದಿತ್ತು. ಶುಗರ್ ಬಂದಿತ್ತು. ಆದರೆ ಕಾಲಿಗೆ ಅದೆಲ್ಲ ಯಾರೂ ಹೇಳಿರಲಿಲ್ಲ. ಉಪ್ಪಿಟ್ಟು ಎದ್ದ. ಎದ್ದು, ನಿಯಮ ಇರುವ ಹಾಗೆಯೇ, ಮುಖ ಇದ್ದ ಕಡೆಗೆ ನುಗ್ಗಿದ. ಮುಖ ಇದ್ದದ್ದು ಟೇಬಲ್ಲಿನ ಕಡೆಗೆ.

ಟೇಬಲ್ ಅವನ ತೊಡೆಯ ಮೇಲೆ ಎದ್ದಿತು. ಪೇಪರ್ ರೋಲು ಒಂದೇ ತಾನೇ, ಒಂದು ಎಲೆ ಜಾರಿದರೆ ಪಕ್ಕದ್ದು ಬಿಡುತ್ತದೆಯೇ? ನಾಲ್ಕು ಎಲೆಗಳು ಸಾಲಾಗಿ, ಶಿಸ್ತಾಗಿ, ಒಬ್ಬಟ್ಟು ಸಮೇತ ಹೊರಟವು. ಟೇಬಲ್ಲಿನ ಅಂಚು ಸಾರಿನ ಬಕೆಟ್ಟಿಗೆ ತಗುಲಿತು. ಬಕೆಟ್ಟು ಅರ್ಧ ಸುತ್ತು ತಿರುಗಿತು. ಎದುರಿನ ಸಾಲಿನಲ್ಲಿ ನಮ್ಮ ಕಡೆ ಬೆನ್ನು ಹಾಕಿ ಕೂತಿದ್ದ ಗಂಡಿನ ಸೋದರಮಾವ, ರೇಷ್ಮೆ ಪಂಚೆ, ರೇಷ್ಮೆ ಶಲ್ಯ. ಪಾಪ, ಅವರು ಯಾವತ್ತೂ ಖೋ ಖೋ ಆಡಿದವರಲ್ಲ. ಆದರೂ ಬೆನ್ನಿಗೆ ಸಾರು ಬಿದ್ದ ಕೂಡಲೇ ಎದ್ದ ವೇಗ ನೋಡಿದ್ದರೆ ಜಿಲ್ಲಾ ತಂಡಕ್ಕೆ ತೆಗೆದುಕೊಳ್ಳಬಹುದಿತ್ತು.

ಇಡೀ ಊಟದ ಹಾಲ್ ಸ್ತಬ್ಧ. ಸರ್ ಸೊಂಟದ ಮೇಲೆ ಕೈ ಇಟ್ಟುಕೊಂಡು ಉಪ್ಪಿಟ್ಟುವನ್ನು ಮೇಲಿಂದ ಕೆಳಗೆ ನೋಡಿದರು.

“ಏಳೋದು ಲೇಟಾಯ್ತು,” ಅಂದರು.

ಅಷ್ಟಕ್ಕೂ ನಿಲ್ಲಿಸಲಿಲ್ಲ. ಕಾಲಿಗೆ ಬಿಸಿ ಸಾರು ಸಿಡಿದು ಕುಂಟುತ್ತಿದ್ದ ಬಡಿಸುವವರನ್ನು ಕೈತೊಳೆಯುವ ಕಡೆ ಕರೆದುಕೊಂಡು ಹೋಗಿ, ನಲ್ಲಿ ಬಿಟ್ಟು, ತಣ್ಣೀರು ಸುರಿದು, “ನೋಡಿ, ನಿಮ್ಮ ಕೆಲಸದಲ್ಲಿ ಎಷ್ಟು ಅಪಾಯ. ವಿಮೆ ಮಾಡ್ಸಿದೀರಾ?” ಅಂತ ಶುರು ಮಾಡಿದರು. ನಾವು ಗಂಡಿನ ಕಡೆಯವರ ಕಾಲು ಹಿಡಿಯುತ್ತಿದ್ದಾಗ, ಅಲ್ಲಿ ಆಕ್ಸಿಡೆಂಟ್ ರೈಡರ್ ಸಮೇತ ಒಂದು ಪಾಲಿಸಿ ಕುದುರುತ್ತಿತ್ತು. ಅವತ್ತಿನಿಂದ ನಾವು ಯಾವ ಮದುವೆಗೆ ಹೋದರೂ ಗೋಡೆಗೆ ಬೆನ್ನು ಕೊಟ್ಟು ಕೂರುವ ಸಾಲನ್ನೇ ಹುಡುಕುತ್ತೇವೆ.

ಏಜೆಂಟ್ ಆಗಿ ಅವರು ಒಳ್ಳೆಯವರೇ? ಈ ಪ್ರಶ್ನೆಗೆ ನನ್ನ ಮಗ ಎಕ್ಸೆಲ್ ಶೀಟಿನಲ್ಲಿ ಉತ್ತರ ಕೊಟ್ಟಿದ್ದಾನೆ. ನನ್ನದು 20 ವರ್ಷದ ಎಂಡೋಮೆಂಟು, ಅಂದರೆ ವಿಮೆಯೂ ಉಳಿತಾಯವೂ ಸೇರಿದ್ದು. ಬೋನಸ್ಸು ಗೀನಸ್ಸು ಎಲ್ಲ ಸೇರಿಸಿದರೂ ವರ್ಷಕ್ಕೆ ಐದು ಪರ್ಸೆಂಟ್ ಚಿಲ್ಲರೆ. “ಅಪ್ಪಾ, ಸತ್ರೆ ಮಾತ್ರ ದುಡ್ಡು ಬರೋ ಟರ್ಮ್ ಇನ್ಶೂರೆನ್ಸ್ ತಗೊಂಡು ಮಿಕ್ಕಿದ್ದನ್ನ ಬ್ಯಾಂಕಲ್ಲಿ ಇಟ್ಟಿದ್ರೂ ವಾಸಿಯಿತ್ತು. ನಿಮ್ ಕೋಚ್ ನಿಮಗೆ ಟೋಪಿ ಹಾಕಿದಾರೆ,” ಅಂದ. ಲೆಕ್ಕ ಸರಿ. ನನಗೆ ಕೋಪ ಬಂದದ್ದು ಲೆಕ್ಕ ಸರಿ ಇದ್ದದ್ದಕ್ಕೇ.

ಆದರೆ ಶೀಟಿನಲ್ಲಿ ಹಿಡಿಯದ ಕೆಲವು ಸಂಗತಿ ಇವೆ. ಮಾರುಕಟ್ಟೆ ಏರುತ್ತಿದ್ದ ಕಾಲದಲ್ಲಿ ಎಲ್ಲರೂ ಯುಲಿಪ್, ಅಂದರೆ ಕಂತಿನ ದುಡ್ಡನ್ನು ಮಾರುಕಟ್ಟೆಗೆ ಹಾಕುವ ವಿಮೆ, ಮಾರುತ್ತಿದ್ದರು. ಮೂರು ವರ್ಷ ಕಟ್ಟಿ, ಆಮೇಲೆ ಬಿಡಿ, ದುಡ್ಡು ದುಪ್ಪಟ್ಟು ಅಂತ. ಮ್ಯಾನೇಜರ್ ಎಷ್ಟು ಒತ್ತಿದರೂ ಸರ್ ನಮಗೆ ಅದನ್ನು ಹೇಳಲಿಲ್ಲ. “ಒಂಬತ್ತು ನಿಮಿಷದ ಟರ್ನಲ್ಲಿ ಮೂರು ನಿಮಿಷ ಓಡಿ ಕೂತ್ಕೋ ಅಂದ ಹಾಗಾಯ್ತು. ಇದೆಂಥ ಆಟ?” 2008ರಲ್ಲಿ ಮಾರುಕಟ್ಟೆ ಮುಗ್ಗರಿಸಿದಾಗ ನಮ್ಮ ಬೀದಿಯಲ್ಲಿ ಎಷ್ಟೋ ಏಜೆಂಟರು ದಾರಿ ಬದಲಿಸಿಕೊಂಡು ಓಡಾಡಿದರು. ಇವರು ಮಾತ್ರ ಅದೇ ದಾರಿಯಲ್ಲಿ ಹಿಂದಿನಿಂದ ಬರುತ್ತಿದ್ದರು.

ಮೊದಲ ಕಂತು ಏಜೆಂಟೇ ಕಟ್ಟಲಿ, ಕಮಿಷನ್ನಿನಲ್ಲಿ ಪಾಲು ಕೊಡಲಿ ಅಂತ ಕೇಳುವವರು ಬೆಂಗಳೂರಿನಲ್ಲಿ ಕಡಿಮೆಯೇ? ವಿಮಾ ಕಾಯ್ದೆಯ 41ನೇ ಕಲಮಿನ ಪ್ರಕಾರ ಅದು ಅಪರಾಧ. ಸರ್ ಈ ಕಲಮನ್ನು ಖೋ ಖೋ ನಿಯಮದ ಜೊತೆಗೇ ಬಾಯಿಪಾಠ ಮಾಡಿದ್ದರು. ಪಾಲಿಸಿಗೆ ಸಹಿ ಹಾಕಿದ ದಿನ ಗಾಂಧಿ ಬಜಾರಿನ ಹೋಟೆಲಿಗೆ ಕರೆದುಕೊಂಡು ಹೋಗಿ, ಒಂದು ಕಾಫಿ ಹೇಳಿ, ಬೈಟು ಮಾಡಿಸಿದರು. ನನಗೆ ಪೂರ್ತಿ ಬೇಕು ಸರ್ ಅಂದೆ. “ಪೂರ್ತಿ ಕೊಡಿಸಿದ್ರೆ ರಿಬೇಟ್ ಆಗತ್ತೆ ಕಣೋ,” ಅಂದರು. ಮುಖದಲ್ಲಿ ನಗು ಇರಲಿಲ್ಲ. ಅದು ನಿಯಮವೋ ಜಿಪುಣತನವೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಅರ್ಜಿ ತುಂಬುವಾಗಂತೂ ನಮಗೆ ಬಾಯಿ ಬಿಡುವ ಅವಕಾಶವೇ ಇರಲಿಲ್ಲ. ಗುರುತಿನ ಚಿಹ್ನೆ ಅನ್ನುವ ಜಾಗದಲ್ಲಿ ನಾನು ಯೋಚಿಸುತ್ತಾ ಕೂತಿದ್ದರೆ ಅವರು ಬರೆದೇ ಬಿಟ್ಟಿದ್ದರು: ಎಡ ಮೊಣಕಾಲಿನ ಕೆಳಗೆ ಹಳೆಯ ಗಾಯದ ಕಲೆ. ಕಂಬದ ಹತ್ತಿರ ಡೈವ್ ಹೊಡೆದು ನಾನು ಬಿದ್ದಾಗ ಅರಿಶಿನ ಮೆತ್ತಿದ್ದು ಅವರೇ. ನನ್ನ ಹೆಂಡತಿಗೆ ಆ ಕಲೆ ಇರೋದು ಗೊತ್ತಾಗಿದ್ದು ಆ ಅರ್ಜಿ ಓದಿದ ಮೇಲೆ.

ನಮ್ಮ ಕಂಬ, ಅಂದರೆ ಆರಡಿ ಉದ್ದದ ನಮ್ಮ ಗೆಳೆಯ, ಸಿಗರೇಟು ಸೇದುತ್ತೀರಾ ಅನ್ನುವ ಪ್ರಶ್ನೆಗೆ ಇಲ್ಲ ಅಂತ ಟಿಕ್ ಮಾಡಿದ. ಸರ್ ಪೆನ್ನು ಕಿತ್ತುಕೊಂಡರು. “ಒಂಬತ್ತನೇ ಕ್ಲಾಸಲ್ಲಿ ಬೀಡಾ ಅಂಗಡಿ ಹಿಂದೆ ಹಿಡಿದಿರ್ಲಿಲ್ವೇನೋ ನಿನ್ನ? ಈಗ ಬಿಟ್ಟಿದೀಯಾ? ಊದು ನೋಡೋಣ.” ನಲವತ್ತರ ಹತ್ತಿರದ ಗಂಡಸು ಹೆಂಡತಿಯ ಎದುರಿಗೆ ಊದಿದ. ಸರ್ ಹೌದು ಅಂತ ಟಿಕ್ ಹಾಕಿದರು. ಕಂತು ಏರಿತು. ಕಂಬ ಒಂದು ವರ್ಷ ಅವರ ಜೊತೆ ಮಾತು ಬಿಟ್ಟ, ಕಂತು ಮಾತ್ರ ಕಟ್ಟಿದ.

2021ರ ಮೇ ತಿಂಗಳಲ್ಲಿ ಕಂಬ ಹೋದ. ಆ ದಿನಗಳ ಬೆಂಗಳೂರು ನಿಮಗೂ ಗೊತ್ತು, ನಾನು ಹೇಳುವುದು ಬೇಡ. ಎಪ್ಪತ್ತು ದಾಟಿದ ಸರ್ ಎರಡು ಮಾಸ್ಕ್ ಹಾಕಿಕೊಂಡು, ಮರಣ ಪತ್ರ, ಆಸ್ಪತ್ರೆಯ ಕಾಗದ ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಟಿವಿಎಸ್ಸಿನಲ್ಲಿ ಓಡಾಡಿದರು. ಅರ್ಜಿಯಲ್ಲಿ ಸುಳ್ಳಿರಲಿಲ್ಲ, ಹಾಗಾಗಿ ಕಂಪನಿಯವರಿಗೆ ಎಳೆಯಲು ದಾರ ಸಿಗಲಿಲ್ಲ. ದುಡ್ಡು ಅವನ ಹೆಂಡತಿಯ ಖಾತೆಗೆ ಬಂತು. ಆ ವರ್ಷ ಪೂರ್ತಿ ಸರ್ ಯಾರ ಬೆನ್ನಿಗೂ ಖೋ ಕೊಡಲಿಲ್ಲ. ಫೋನ್ ಮಾಡಿ ಮೆತ್ತಗೆ, “ಕಂತಿದೆ ಕಣೋ. ಆರೋಗ್ಯನಾ?” ಅನ್ನುತ್ತಿದ್ದರು. ನಮಗೆ ಅದೇ ಜಾಸ್ತಿ ಭಯವಾಗಿದ್ದು.

ಆಮೇಲೆ ಸರಿಹೋದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊಟ್ಟಮೊದಲ ಖೋ ಖೋ ವಿಶ್ವಕಪ್ ನಡೆಯಿತಲ್ಲ, ಫೈನಲ್ ದಿನ ನಮ್ಮನ್ನೆಲ್ಲ ಮನೆಗೆ ಕರೆದರು. ನಮ್ಮ ಹೆಂಗಸರೂ ಗಂಡಸರೂ ಎರಡು ಕಡೆಯೂ ನೇಪಾಳವನ್ನು ಸೋಲಿಸಿ ಕಪ್ ಗೆದ್ದರು. ಗಂಡಸರದ್ದು 54-36. ಸರ್ ಮಾತ್ರ ಗೊಣಗುತ್ತಲೇ ಇದ್ದರು. “ಮ್ಯಾಟ್ ಮೇಲೆ ಖೋ ಖೋನಾ? ಮಣ್ಣೆಲ್ಲಿ? ಮೊಣಕಾಲು ಕೆತ್ತಿಹೋಗೋದು ಬೇಡ್ವಾ?” ಗೆದ್ದ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕನ್ನಡಕ ಒರೆಸಿಕೊಂಡರು. ಆಮೇಲೆ ಉಪ್ಪಿಟ್ಟುವಿನ ಬೆನ್ನಿಗೆ ಒಂದು ಕೊಟ್ಟರು. ಅವನದು ಜನವರಿ ಕಂತು.

ಅದೇ ವರ್ಷ ಶ್ರಾವಣದಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ವೈಕುಂಠ ಸಮಾರಾಧನೆಯ ದಿನ ಬಡಿಸಲು ಬಂದ ತಂಡದಲ್ಲಿ ಸಾರಿನ ಬಕೆಟ್ ಹಿಡಿದಿದ್ದವರು ಅವರೇ, ಆವತ್ತಿನವರು. ದುಡ್ಡು ಬೇಡ ಅಂದರಂತೆ. ನಾವೆಲ್ಲ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆವು. ಊಟ ಅರ್ಧವಾದ ಮೇಲೆ ಉಪ್ಪಿಟ್ಟು ಅದನ್ನು ಗಮನಿಸಿದ. ಮೊಸರನ್ನ ಕಲಸುತ್ತಿದ್ದವನು ಹಾಗೇ ನಿಲ್ಲಿಸಿಬಿಟ್ಟ.

2025ರ ಸೆಪ್ಟೆಂಬರ್ 22ರಿಂದ ನಮ್ಮಂಥವರ ಜೀವವಿಮೆಯ ಕಂತಿನ ಮೇಲೆ ಜಿಎಸ್‌ಟಿ ಹೋಯಿತು. ಒಂದು ತಿಂಗಳು ತಡೆದಿದ್ದರೆ ಸರ್ ಬೆಂಗಳೂರಿನ ಒಂದು ಬೆನ್ನನ್ನೂ ಬಿಡುತ್ತಿರಲಿಲ್ಲ.

ಮೆಟ್ರೋ ಹುಡುಗನ ವಿಷಯಕ್ಕೆ ಬರುತ್ತೇನೆ. ಅವನು ಮಾರನೇ ದಿನ ಮತ್ತೆ ಫೋನ್ ಮಾಡಿದ. ಪರಿಶೀಲನೆ ಅಂತೆ. ಹುಟ್ಟಿದ ತಾರೀಖು ಹೇಳಿದೆ. ಪಿನ್ ಕೋಡ್ ಹೇಳಿದೆ. “ತಾವು ತಾವೇ ಎಂದು ಖಚಿತಪಡಿಸಲು ಇನ್ನೇನಾದರೂ ಮಾಹಿತಿ ನೀಡುವಿರಾ ಮಾನ್ಯರೇ?”

“ಎಡ ಮೊಣಕಾಲಿನ ಕೆಳಗೆ ಒಂದು ಕಲೆ ಇದೆ,” ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಅವನ ಕಾಗದದಲ್ಲಿ ಇದಕ್ಕೆ ಉತ್ತರ ಇದ್ದ ಹಾಗಿಲ್ಲ. ಹೊಸ ಪೋಷಕರು ಯಾರು ಅಂತ ಕೇಳಿದೆ. ಇಪ್ಪತ್ತಾರು ವರ್ಷದ ಹುಡುಗನಂತೆ. ನನಗಿಂತ ನನ್ನ ಪೋಷಕ ಇಪ್ಪತ್ತಾರು ವರ್ಷ ಚಿಕ್ಕವನು. ಒಂದು ಲಿಂಕ್ ಕಳಿಸುತ್ತಾನಂತೆ, ಮನೆಗೆ ಬರುವ ಪದ್ಧತಿ ಈಗ ಇಲ್ಲವಂತೆ.

ಪಾಲಿಸಿ ಸರೆಂಡರ್ ಮಾಡಿಬಿಡಿ ಅಂತ ಮಗ ಹೇಳುತ್ತಲೇ ಇದ್ದಾನೆ. ಇನ್ನು ಎರಡೇ ಕಂತು ಬಾಕಿ ಕಣೋ ಅಂತ ನೆಪ ಹೇಳುತ್ತೇನೆ. ನಿಜ ಸಂಗತಿ ಬೇರೆ ಇದೆ. ಏಜೆಂಟ್ ತೀರಿಕೊಂಡ ಮೇಲೂ ಅವರು ಮಾಡಿಸಿದ ಪಾಲಿಸಿಗಳ ಕಮಿಷನ್ ಮನೆಯವರಿಗೆ ಬರುವ ಏರ್ಪಾಡು ವಿಮೆಯಲ್ಲಿದೆ. ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡಲು ಹೋದಾಗ ಸರ್ ಮನೆಯಲ್ಲಿ ಅಮ್ಮ, ಅಂದರೆ ಅವರ ಹೆಂಡತಿ, ಹೇಳಿದರು, “ನೀವು ಕಟ್ಟಿದಾಗೆಲ್ಲ ಬ್ಯಾಂಕಿಂದ ಮೆಸೇಜ್ ಬರತ್ತಪ್ಪ. ಇನ್ನೂರೋ ಮುನ್ನೂರೋ. ಯಾರು ಕಟ್ಟಿದ್ದು ಅಂತ ಅದ್ರಲ್ಲಿರಲ್ಲ. ನಾನೇ ಇವರ ಡೈರಿ ನೋಡ್ಕೊಂಡು, ಓ, ಇದು ಉಪ್ಪಿಟ್ಟು, ಅನ್ಕೋತೀನಿ.” ಡೈರಿಯಲ್ಲೂ ಅವರು ಹಾಗೇ ಬರೆದಿದ್ದಾರೆ.

ಅದಕ್ಕೇ ಈಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಏರ್ಪಾಟು ಮಾಡಿಕೊಂಡಿದ್ದೇವೆ. ಕಂತು ಕಟ್ಟಿದವನು ರಸೀದಿ ಹಾಕಿ, ಮುಂದಿನವನ ಹೆಸರು ಬರೆದು, ಪಕ್ಕದಲ್ಲಿ ‘ಖೋ’ ಅಂತ ಹಾಕಬೇಕು. ಜನವರಿಯಲ್ಲಿ ಉಪ್ಪಿಟ್ಟು ಕಟ್ಟಿ ನನಗೆ ಖೋ ಕೊಟ್ಟ. ನಾನು ಮೊನ್ನೆ ರಾತ್ರಿ ಕಟ್ಟಿ ನಮ್ಮ ಇನ್ನೊಬ್ಬ ಗೆಳೆಯ ಸೊಳ್ಳೆಗೆ ಕೊಟ್ಟೆ. ಸೊಳ್ಳೆ ಓದಿದ್ದಾನೆ, ನೀಲಿ ಗೆರೆ ಎರಡೂ ಬಂದಿವೆ. ಉತ್ತರ ಇಲ್ಲ. ಗ್ರೇಸ್ ಪೀರಿಯಡ್ ಇದೆ ಅಂತ ಕೂತಿರಬೇಕು, ನನಗೆ ಗೊತ್ತು ಅವನ ಬುದ್ಧಿ. ಮುಟ್ಟದೆ ಹೇಳಿದ್ದು ಫೌಲು ಅಂತಲೂ ವಾದ ಮಾಡಬಹುದು.

ಭಾನುವಾರ ಬೆಳಿಗ್ಗೆ ಅವನು ಹಿತ್ತಿಲ ಕಡೆ ಮೆಟ್ಟಿಲ ಮೇಲೆ ಕೂತು ಪೇಪರ್ ಓದುತ್ತಾನೆ. ನಾನೂ ಉಪ್ಪಿಟ್ಟೂ ಹೋಗುತ್ತಿದ್ದೇವೆ. ಗೇಟಿನ ಸದ್ದು ಮಾಡದೆ, ಹಿಂದಿನಿಂದ.